ಕೈಕೋಳ ತೊಡಿಸಿದರೆ ಕಥೆ ಮುಗಿಯಿತೇ?



ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಮನೆಮಂದಿಯೆಲ್ಲ ಟೀವಿಯ ಮುಂದೆ ಉಸಿರು ಬಿಗಿಹಿಡಿದು ಕೂರುವ ಹೊತ್ತು ನಮ್ಮ ಲೈನು ಮನೆಗಳಲ್ಲಿ ಒಂದಿದೆ. ಅದು ಪೊಲೀಸ್ ಧಾರಾವಾಹಿಯ ಹೊತ್ತು. ಸೋನಿ ಟೀವಿಯ 'ಸಿ.ಐ.ಡಿ.' 1998ರಲ್ಲಿ ಆರಂಭವಾಗಿ 2018ರವರೆಗೆ ನಡೆಯಿತು. 2024ರ ಡಿಸೆಂಬರಿನಲ್ಲಿ ಮತ್ತೆ ಬಂದಿತು. 'ಕ್ರೈಮ್ ಪೆಟ್ರೋಲ್' 2003ರಲ್ಲಿ ಶುರುವಾಯಿತು. ಹಿಂದಿ ಸರಿಯಾಗಿ ಬಾರದ ಅಜ್ಜಿಯರಿಗೂ ಇನ್‌ಸ್ಪೆಕ್ಟರ್ ದಯಾ ಬಾಗಿಲು ಒಡೆಯುವುದು ಗೊತ್ತು. ಕೊಲೆ ಮಾಡಿದವನು ಗಂಡನೋ, ಮೈದುನನೋ, ಪಾಲುಗಾರನೋ ಎಂದು ನಾವು ಪಕ್ಕದ ಮನೆಯವರೊಡನೆ ಪಂಥ ಕಟ್ಟುತ್ತೇವೆ. ಕೊನೆಗೆ ಕಳ್ಳ ಸಿಕ್ಕಿಬೀಳುತ್ತಾನೆ. ಕೈಕೋಳ ಬೀಳುತ್ತದೆ. "ಹಾಗೇ ಆಗಬೇಕು ಅವನಿಗೆ" ಎಂದು ಟೀವಿ ಆರಿಸಿ ಮಲಗುತ್ತೇವೆ.

ಇಂಥ ಕಾರ್ಯಕ್ರಮ ನೋಡುವುದೇ ತಪ್ಪೆಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಹೊತ್ತು ಮೂಡುವ ಮೊದಲೇ ಎದ್ದು ದುಡಿದವನಿಗೆ ರಾತ್ರಿ ಒಂದು ಗಂಟೆಯ ಮನರಂಜನೆ ಬೇಡವೆನ್ನಲು ನಾನು ಯಾರು? ಮಕ್ಕಳನ್ನು ಅಪರಿಚಿತರ ಜೊತೆ ಕಳುಹಿಸಬಾರದು, ಕಾಣದವರಿಗೆ ಫೋನಿನಲ್ಲಿ ಗುಟ್ಟಿನ ನಂಬರು ಹೇಳಬಾರದು ಎಂಬಂಥ ಎಚ್ಚರಿಕೆಯ ಮಾತುಗಳೂ ಅಲ್ಲಿ ಕೇಳಿಬರುತ್ತವೆ. ಅದು ಒಳ್ಳೆಯದೇ. ಆದರೆ ಒಂದು ಮಾತನ್ನು ಯೋಚಿಸಿ ನೋಡಿರಿ. ಈ ಕಥೆಗಳೆಲ್ಲ "ಯಾರು ಮಾಡಿದರು?" ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ. ಅದಕ್ಕೆ ಉತ್ತರ ಸಿಕ್ಕಿದ ಕ್ಷಣವೇ ತೆರೆ ಬೀಳುತ್ತದೆ. ಜೈಲಿಗೆ ಹೋದವನು ಅಲ್ಲಿ ಏನಾದ? ಅವನ ಹೆಂಡತಿ ಮಕ್ಕಳು ಏನು ತಿಂದರು? ಹತ್ತು ಹದಿನಾಲ್ಕು ವರ್ಷ ಕಳೆದು ಅವನು ಬಸ್ಸಿಳಿದು ಊರಿಗೆ ನಡೆದು ಬಂದಾಗ ಊರು ಅವನನ್ನು ಹೇಗೆ ನೋಡಿತು? ಈ ಪ್ರಶ್ನೆಗಳು ಮಾತ್ರ ನಮ್ಮ ಅಂಗಳಕ್ಕೇ ಬರುವಂಥವು.

ಈ ಪ್ರಶ್ನೆಗಳನ್ನು ಬಹಳ ಹಿಂದೆಯೇ ಕೇಳಿದವರು ನಮ್ಮ ಕೊಲ್ಹಾಪುರದವರೇ ಒಬ್ಬರು, ವಿ. ಶಾಂತಾರಾಮ್. ಅವರು ಹುಟ್ಟಿದ್ದು 1901ರಲ್ಲಿ, ಕೊಲ್ಹಾಪುರದಲ್ಲಿ. ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದರು. ಅದೇ ಊರಿನ ಸಿನೆಮಾ ಮಂದಿರದಲ್ಲಿ ಚಿಲ್ಲರೆ ಕೆಲಸ ಮಾಡುತ್ತ ಚಿತ್ರ ನೋಡಲು ಕಲಿತರು. ಆಮೇಲೆ ಕೊಲ್ಹಾಪುರದ ಬಾಬುರಾವ್ ಪೇಂಟರರ ಕಂಪನಿ ಸೇರಿದರು. 1929ರಲ್ಲಿ ಗೆಳೆಯರೊಡನೆ ಕೊಲ್ಹಾಪುರದಲ್ಲೇ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು. ಅವರು 1957ರಲ್ಲಿ ತೆಗೆದ 'ದೋ ಆಂಖೇ ಬಾರಹ್ ಹಾಥ್', ಅಂದರೆ 'ಎರಡು ಕಣ್ಣು ಹನ್ನೆರಡು ಕೈ', ಎಂಬ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಸಿಕ್ಕಿತು. 1958ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿಯೂ ಬಂದಿತು. ಅದರ ಪ್ರಾರ್ಥನಾ ಗೀತೆಯನ್ನು ಭರತ ವ್ಯಾಸರು ಬರೆದರು, ವಸಂತ ದೇಸಾಯಿಯವರು ರಾಗ ಹಾಕಿದರು. ಚಿತ್ರ ನೋಡದವರೂ ಅದನ್ನು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿರುವುದುಂಟು. ಈ ಹಳೆಯ ಕಪ್ಪು ಬಿಳುಪಿನ ಚಿತ್ರ ಟೀವಿಯಲ್ಲಿ ಬಂದರೆ ದಯವಿಟ್ಟು ಚಾನೆಲ್ ತಿರುಗಿಸಬೇಡಿರಿ.

ಇದೂ ಅಪರಾಧಿಗಳ ಕಥೆಯೇ. ಆದರೆ ಧಾರಾವಾಹಿಗಳು ಮುಗಿಯುವ ಜಾಗದಿಂದ ಇದು ಶುರುವಾಗುತ್ತದೆ. ಆರು ಜನ ಕೊಲೆಗಾರರು ಜೈಲಿನಲ್ಲಿದ್ದಾರೆ. ಯಾರು ಮಾಡಿದರು ಎಂಬ ಗುಟ್ಟೇನೂ ಇಲ್ಲ, ಅವರೇ ಮಾಡಿದ್ದಾರೆ. ಆದಿನಾಥ ಎಂಬ ತರುಣ ಜೈಲರನು ಈ ಆರು ಮಂದಿಯನ್ನು ತನ್ನ ಜವಾಬ್ದಾರಿಯ ಮೇಲೆ ಹೊರಗೆ ಕರೆದೊಯ್ಯಲು ಅನುಮತಿ ಕೇಳುತ್ತಾನೆ. ಒಂದು ಬಂಜರು ಭೂಮಿಗೆ ಕರೆತಂದು ಅವರ ಜೊತೆ ತಾನೂ ದುಡಿಯುತ್ತಾನೆ. ಆದಿನಾಥನ ಪಾತ್ರವನ್ನು ಶಾಂತಾರಾಮರೇ ಮಾಡಿದ್ದಾರೆ.

ಪೊಲೀಸ್ ಧಾರಾವಾಹಿಯಲ್ಲಿ ನಮ್ಮ ಎದೆ ಹೊಡೆದುಕೊಳ್ಳುವುದು ಕಳ್ಳ ತಪ್ಪಿಸಿಕೊಂಡಾನೇ ಎಂಬ ಭಯಕ್ಕೆ. ಇಲ್ಲಿ ಎದೆ ಹೊಡೆದುಕೊಳ್ಳುವುದು ಈ ನಂಬಿಕೆ ಉಳಿದೀತೇ ಎಂಬ ಭಯಕ್ಕೆ. ಓಡಿಹೋಗುವ ಆಸೆ ಆ ಆರು ಜನರನ್ನು ಕಾಡದೆ ಇಲ್ಲ. ಆದರೆ ತಮ್ಮನ್ನು ನಂಬಿದವನ ಎರಡು ಕಣ್ಣು ಅವರ ಮನಸ್ಸಿನೊಳಗೆ ಹೊಕ್ಕು ಕಾಲು ಕಟ್ಟುತ್ತವೆ. ಬಂದೂಕು ಮಾಡದ ಕೆಲಸವನ್ನು ಕಣ್ಣು ಮಾಡಿತು.

ಇನ್ನು ಜೈಲರನ ಸ್ಥಿತಿ ನೋಡಿರಿ. ಅವನಿಗೂ ಸಂಕಟವಿದೆ. ಇವರಲ್ಲಿ ಒಬ್ಬ ಮತ್ತೆ ಕತ್ತಿ ಎತ್ತಿದರೆ ಆ ರಕ್ತ ಯಾರ ತಲೆಯ ಮೇಲೆ? ಕಾಯಿದೆಯ ಪ್ರಕಾರ ನಡೆದು ಬೀಗ ಹಾಕಿ ಕುಳಿತಿದ್ದರೆ ಅವನಿಗೆ ಸಂಬಳಕ್ಕೂ ಬಡ್ತಿಗೂ ಕೊರತೆ ಇರುತ್ತಿರಲಿಲ್ಲ. ಮುಕಾದಮನಾಗಿ, ಮೇಸ್ತ್ರಿಯಾಗಿ ಇತರರ ಹೊಣೆ ಹೊತ್ತ ನಮ್ಮ ಸಹೋದರರಿಗೆ ಈ ಸಂಕಟ ಅರ್ಥವಾದೀತು. ಒಬ್ಬನ ಪರವಾಗಿ ಮೇಲಿನವರಲ್ಲಿ ಮಾತಾಡುವುದೆಂದರೆ ನಮ್ಮ ಹೆಸರನ್ನೇ ಒತ್ತೆಯಿಟ್ಟಂತೆ.

ಕಥೆಯ ಕೊನೆಯಲ್ಲಿ ಇನ್ನೊಂದು ತಿರುವಿದೆ. ಬಂಜರು ಭೂಮಿ ಫಲ ಕೊಡುತ್ತದೆ. ಆರು ಜನರೂ ತಾವು ಬೆಳೆದ ತರಕಾರಿಯನ್ನು ಪೇಟೆಗೆ ಒಯ್ದು ನ್ಯಾಯವಾದ ಬೆಲೆಗೆ ಮಾರುತ್ತಾರೆ. ಅಲ್ಲಿಯ ಪೇಟೆಯನ್ನು ಮುಷ್ಟಿಯಲ್ಲಿಟ್ಟುಕೊಂಡ ವ್ಯಾಪಾರಿಗೆ ಅದು ಸಹಿಸುವುದಿಲ್ಲ. ಅವನ ಕಡೆಯವರು ಕಟ್ಟಿದ ಪಿತೂರಿಯಲ್ಲಿ, ಬೆಳೆ ಕಾಯಲು ಹೋರಿಗೆ ಎದುರಾಗಿ ನಿಂತ ಆದಿನಾಥ ಪ್ರಾಣ ಬಿಡುತ್ತಾನೆ. (ಆ ಹೋರಿ ಕಾಳಗದ ಚಿತ್ರೀಕರಣದಲ್ಲಿ ಶಾಂತಾರಾಮರ ಕಣ್ಣಿಗೆ ನಿಜವಾಗಿಯೂ ಪೆಟ್ಟಾಯಿತು, ದೃಷ್ಟಿ ಉಳಿದದ್ದೇ ಪುಣ್ಯ.) ಈಗ ಹೇಳಿರಿ, ಈ ಕಥೆಯಲ್ಲಿ ಅಪರಾಧಿ ಯಾರು? ಒಂದು ಕಾಲಕ್ಕೆ ಕೊಂದವರು ಬೆವರು ಸುರಿಸಿ ಅನ್ನ ಬೆಳೆಯುತ್ತಿದ್ದಾರೆ. ಒಂದು ದಿನವೂ ಜೈಲು ಕಾಣದ, ಊರಿನಲ್ಲಿ ಮರ್ಯಾದಸ್ಥನೆನಿಸಿಕೊಂಡ ವ್ಯಾಪಾರಿಯ ಲಾಭಕ್ಕಾಗಿ ಒಂದು ಜೀವ ಹೋಯಿತು. ಕೊಲ್ಹಾಪುರದ ಬೆಲ್ಲದ ಪೇಟೆಯನ್ನೂ ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯನ್ನೂ ಬಲ್ಲ ನಮ್ಮವರಿಗೆ, ಬೆಳೆದವನಿಗೂ ಬೆಲೆ ಕಟ್ಟುವವನಿಗೂ ನಡುವಿನ ಅಂತರ ವಿವರಿಸಿ ಹೇಳಬೇಕಾಗಿಲ್ಲ.

"ಇದೆಲ್ಲ ಸಿನೆಮಾದಲ್ಲಿ ಚೆಂದ, ನಿಜದಲ್ಲಿ ನಡೆಯುವುದಿಲ್ಲ" ಎಂದು ಕೆಲವರು ಹೇಳಬಹುದು. ನಿಜದಲ್ಲಿ ನಡೆದದ್ದನ್ನು ಕಂಡೇ ಈ ಸಿನೆಮಾ ಹುಟ್ಟಿತು. ಕೊಲ್ಹಾಪುರದ ನೆರೆಯ ಸಾಂಗ್ಲಿ ಜಿಲ್ಲೆಯ ಆಟಪಾಡಿ ತಾಲೂಕಿನಲ್ಲಿ ಸ್ವತಂತ್ರಪುರ ಎಂಬ ಜಾಗವಿದೆ. ಅದು ಹಿಂದೆ ಔಂಧ ಸಂಸ್ಥಾನಕ್ಕೆ ಸೇರಿತ್ತು. 1930ರ ದಶಕದ ಕೊನೆಯಲ್ಲಿ ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ಗಾಂಧೀಜಿಯವರ ಸಲಹೆ ಪಡೆದು ತಮ್ಮ ಅಧಿಕಾರವನ್ನೇ ಪ್ರಜೆಗಳಿಗೆ ಬಿಟ್ಟುಕೊಟ್ಟರು. ಆ ಪ್ರಯೋಗಕ್ಕೆ ನೆರವಾದವರಲ್ಲಿ ಪೋಲೆಂಡಿನಿಂದ ಬಂದ ಇಂಜಿನಿಯರ್ ಮೋರಿಸ್ ಫ್ರಿಡ್‌ಮನ್ ಒಬ್ಬರು. ಅವರು ಮೊದಲು ಬೆಂಗಳೂರಿನಲ್ಲಿ ಮೈಸೂರು ಸರಕಾರದ ವಿದ್ಯುತ್ ಸಾಮಗ್ರಿಯ ಕಾರ್ಖಾನೆಯನ್ನು ನಡೆಸುತ್ತಿದ್ದವರು. ಕೈದಿಗಳನ್ನು ಗೋಡೆಯೊಳಗೆ ಕೊಳೆಯಿಸುವ ಬದಲು ಭೂಮಿ ಕೊಟ್ಟು, ನಂಬಿ, ದುಡಿಯಲು ಬಿಡುವ ಬಯಲು ಬಂದೀಖಾನೆ ಸ್ವತಂತ್ರಪುರದಲ್ಲಿ ಹುಟ್ಟಿದ್ದು ಹೀಗೆ. ಕೈದಿಗಳು ತಮ್ಮ ಹೆಂಡತಿ ಮಕ್ಕಳೊಡನೆ ಅಲ್ಲಿ ಬಾಳ್ವೆ ಮಾಡಿ ಹೊಲ ಉತ್ತಿದ್ದಾರೆ. ಮುಂದೆ ಬೇರೆ ಕಡೆಗಳಲ್ಲೂ ಬಯಲು ಬಂದೀಖಾನೆಗಳಾದವು. ಕರ್ನಾಟಕದಲ್ಲಿ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಒಂದಿದೆ.

ಇನ್ನೊಂದು ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲು ಬಾರದು. "ಸತ್ತವನು ನಿಮ್ಮ ಅಣ್ಣನಾಗಿದ್ದರೆ ಹೀಗೆ ಬರೆಯುತ್ತಿದ್ದಿರಾ?" ಎಂದು ಯಾರಾದರೂ ಕೇಳಬಹುದು. ಕೊಲೆಯಾದವರ ಮನೆಯ ಕಣ್ಣೀರಿಗೆ ಶಾಂತಾರಾಮರ ಚಿತ್ರದಲ್ಲಿ ಜಾಗ ಸಾಲದು ಎಂಬುದು ನನ್ನ ಅಭಿಪ್ರಾಯವೂ ಹೌದು. ವಿಧವೆಯಾದ ತಾಯಿಗೆ "ಕ್ಷಮಿಸಿಬಿಡು" ಎಂದು ಹೊರಗಿನವರು ಉಪದೇಶ ಮಾಡುವುದು ಸುಲಭ. ಆ ಅಧಿಕಾರ ನಮಗಿಲ್ಲ. ಶಿಕ್ಷೆ ಬೇಡವೆಂದು ಈ ಚಿತ್ರವೂ ಹೇಳುವುದಿಲ್ಲ. ಆ ಆರು ಜನ ಶಿಕ್ಷೆಗೊಳಗಾದ ಕೈದಿಗಳೇ. ನ್ಯಾಯಾಲಯ ಕೊಟ್ಟ ಶಿಕ್ಷೆ ತೀರಿದ ಮೇಲೆಯೂ ನಾವು ನಾವಾಗಿ ಇನ್ನೊಂದು ಶಿಕ್ಷೆ ಕೊಡುತ್ತ ಹೋಗಬೇಕೇ, ಅದನ್ನು ಅವನ ಮಕ್ಕಳಿಗೂ ಹಂಚಬೇಕೇ ಎಂಬುದಷ್ಟೇ ಪ್ರಶ್ನೆ.

ಜೈಲಿನೊಳಗಿರುವವರೆಲ್ಲ ತಪ್ಪಿತಸ್ಥರೆಂದು ತೀರ್ಮಾನವಾದವರಲ್ಲ ಎಂಬುದನ್ನೂ ಮರೆಯಬಾರದು. ಸರಕಾರದ್ದೇ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5,73,000 ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣೆ ಮುಗಿಯದವರು. ಜಾಮೀನು ಕೊಡಲು ಜನವಿಲ್ಲದೆ, ವಕೀಲರಿಗೆ ಕೊಡಲು ಹಣವಿಲ್ಲದೆ ಒಳಗೆ ಉಳಿದ ಬಡವರು ಅವರಲ್ಲಿ ಬಹಳ. ಟೀವಿಯಲ್ಲಿ ಒಂದು ಗಂಟೆಯೊಳಗೆ ಸತ್ಯ ಹೊರಬೀಳುತ್ತದೆ. ಕೋರ್ಟಿನಲ್ಲಿ ವರ್ಷಗಳು ಉರುಳುತ್ತವೆ. ಟೀವಿ ನೋಡಿ ನೋಡಿ, ಪೊಲೀಸರು ಹಿಡಿದರೆಂದರೆ ಅವನೇ ಮಾಡಿದ್ದಾನೆ ಎಂದು ನಂಬುವ ಅಭ್ಯಾಸ ನಮಗೆ ಅಂಟಿಕೊಂಡಿದೆ. ನಾಳೆ ನಮ್ಮ ಮನೆಯ ಹುಡುಗನನ್ನೇ ಸಂಶಯದ ಮೇಲೆ ಜೀಪಿನಲ್ಲಿ ಕೂರಿಸಿದರೆ ಆ ಅಭ್ಯಾಸ ನಮಗೇ ತಿರುಗುತ್ತದೆ.

ಹಾಗಾದರೆ ನಾವು ಏನು ಮಾಡಬಹುದು? ನನಗೆ ತೋಚಿದ್ದು ಮೂರು.

ಮೊದಲನೆಯದು, ಕಾನೂನಿನ ನೆರವು ತಿಳಿದುಕೊಳ್ಳುವುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲೂಕಿನ ಕೋರ್ಟಿನಲ್ಲೇ ಇದರ ಸಮಿತಿ ಇರುತ್ತದೆ. ಅರ್ಜಿ ಬರೆಯಲು ಬಾರದವರಿಗೆ ಓದಿದ ಮಕ್ಕಳು ಬರೆದುಕೊಡಲಿ.

ಎರಡನೆಯದು, ಒಳಗಿರುವವನ ಮನೆಯನ್ನು ಒಂಟಿಯಾಗಿ ಬಿಡದಿರುವುದು. ಸೆರೆಯಲ್ಲಿರುವವರನ್ನು ನೋಡಲು ಹೋಗಬೇಕೆಂಬ ಮಾತು ನಮ್ಮ ಸಭೆಗಳಿಗೆ ಹೊಸದಲ್ಲ. ಕಳಂಬಾ ಜೈಲಿನ ಬಾಗಿಲಲ್ಲಿ ಗಂಡನ ಭೇಟಿಗೆ ಸಾಲು ನಿಂತ ಹೆಂಗಸಿಗೆ ಅಂದಿನ ಕೂಲಿ ತಪ್ಪಿರುತ್ತದೆ. ಅವಳ ಮಕ್ಕಳಿಗೆ ಆ ಸಂಜೆ ಒಂದು ಹೊತ್ತಿನ ಊಟ ಹಾಕುವುದು ಯಾವ ಮನೆಗೂ ಭಾರವಲ್ಲ. ಆ ಮಕ್ಕಳನ್ನು "ಕೊಲೆಗಾರನ ಮಕ್ಕಳು" ಎಂದು ನಮ್ಮ ಮಕ್ಕಳು ಕರೆಯದಂತೆ ನೋಡಿಕೊಳ್ಳುವುದು ಅದಕ್ಕಿಂತಲೂ ಮುಖ್ಯ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸ. ಅವನನ್ನು ಕಬ್ಬು ಕಡಿಯುವ ತಂಡಕ್ಕೆ ಸೇರಿಸಿಕೊಳ್ಳಲು ಮುಕಾದಮ ಹಿಂಜರಿಯುತ್ತಾನೆ; ಇಚಲಕರಂಜಿಯ ಮಗ್ಗದ ಮಾಲೀಕ ಬೇಡವೆನ್ನುತ್ತಾನೆ; ತೋಟದಲ್ಲಿ ಮೇಸ್ತ್ರಿ ಮುಖ ತಿರುಗಿಸುತ್ತಾನೆ. ಎಲ್ಲರೂ ಹೇಳುವ ಕಾರಣ ಒಂದೇ: "ಉಳಿದ ಆಳುಗಳು ಒಪ್ಪುವುದಿಲ್ಲ." ಆ ಉಳಿದ ಆಳುಗಳು ಯಾರು? ನಾವೇ ಅಲ್ಲವೇ? ನಾವು ಒಪ್ಪಿದೆವೆಂದು ನಾಲ್ಕು ಜನ ಹೋಗಿ ಹೇಳಿದರೆ ಆ ಕಾರಣ ಉಳಿಯುವುದಿಲ್ಲ. ಅವನು ಕುಡಿದು ಬಂದರೆ, ಜಗಳ ತೆಗೆದರೆ, ಬೇರೆ ಯಾವ ಆಳಿಗೆ ಹೇಳುವ ಬುದ್ಧಿಯೋ ಅದನ್ನೇ ಅವನಿಗೂ ಹೇಳೋಣ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಈ ನಂಬಿಕೆ ಒಮ್ಮೊಮ್ಮೆ ಸುಳ್ಳಾಗಬಹುದು. ಆರರಲ್ಲಿ ಆರೂ ಜನ ತಿದ್ದಿಕೊಳ್ಳುವುದು ಸಿನೆಮಾದಲ್ಲಿ ಸಾಧ್ಯ, ಊರಿನಲ್ಲಿ ಕಷ್ಟ. ಆದರೂ ದುಡಿಯಲು ಜಾಗ ಸಿಕ್ಕದವನು ಹಳೆಯ ದಾರಿಗೇ ಹೋಗುತ್ತಾನೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಈ ಸಲದ ತಿಂಗಳ ಕೂಟದಲ್ಲಿ ಪ್ರತಿ ಲೈನಿನವರೂ ತಮ್ಮ ತಮ್ಮಲ್ಲಿ ಇದನ್ನು ಚರ್ಚಿಸಿರಿ: ಜೈಲಿನಿಂದ ಬಂದವನೊಬ್ಬ ನಾಳೆ ಬೆಳಿಗ್ಗೆ ಕೆಲಸ ಕೇಳಿ ಬಂದರೆ, ಅವನ ಪರವಾಗಿ ಮೇಸ್ತ್ರಿಯಲ್ಲಿ ಮಾತಾಡಲು ಯಾರು ಹೋಗುತ್ತಾರೆ? ಇಬ್ಬರ ಹೆಸರನ್ನು ಈಗಲೇ ಗೊತ್ತುಮಾಡಿಕೊಂಡಿರಿ.