ತಲಾಕ್ ಮಕ್ಕಳಿಗಲ್ಲ

ಯಾವುದಾದರೂ ನಗರದ ಕೌಟುಂಬಿಕ ನ್ಯಾಯಾಲಯದ ವರಾಂಡದಲ್ಲಿ ಒಂದು ದಿನ ನಿಂತು ನೋಡಬೇಕು. ಒಂದು ತುದಿಯಲ್ಲಿ ತಾಯಿ ಮತ್ತು ಆಕೆಯ ಕಡೆಯವರು, ಇನ್ನೊಂದು ತುದಿಯಲ್ಲಿ ತಂದೆ ಮತ್ತು ಆತನ ಕಡೆಯವರು. ನಡುವೆ, ಯಾರ ಕಡೆಗೆ ಓಡಿದರೆ ಯಾರಿಗೆ ನೋವಾದೀತೆಂದು ತಿಳಿಯದೆ ನಿಂತ ಮಗು. ಈ ದೃಶ್ಯ ಯಾವುದೇ ಒಂದು ಸಮುದಾಯಕ್ಕೆ ಸೀಮಿತವಾದುದಲ್ಲ. ವಿಚ್ಛೇದನವೆಂದರೆ ಮುಸ್ಲಿಮರ ಸಮಸ್ಯೆ ಎಂಬಂತೆ ಬಿಂಬಿಸುವ ಧೋರಣೆ ಆಕ್ಷೇಪಾರ್ಹವೇ ಸರಿ. ಆದರೆ ಆ ಆಕ್ಷೇಪವು ನಮ್ಮ ಮನೆಯೊಳಗಿನ ಅನ್ಯಾಯಕ್ಕೆ ಪರದೆಯಾಗಬಾರದು.

ದಾಂಪತ್ಯದಲ್ಲಿ ಬಿರುಕು ಮೂಡಿದಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಕಲಿಸುತ್ತದೆ. ಮಗುವಿನ ಕಾರಣದಿಂದ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ಸಕಾರಣ ಮತ್ತು ಸಂಧಾನದ ಪ್ರಯತ್ನಗಳಿಲ್ಲದ ತಲಾಕ್ ಸಿಂಧುವಲ್ಲವೆಂದು ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿದ್ದು 2002ರಲ್ಲಿ. ಆ ಸಂದೇಶ ನಮ್ಮ ಮಸೀದಿಗಳ ಮಿಂಬರ್‌ನಿಂದ ಅದಕ್ಕಿಂತ ಎಷ್ಟೋ ಮೊದಲೇ ಗಟ್ಟಿಯಾಗಿ ಕೇಳಿಬರಬೇಕಿತ್ತು. ಕೇಳಿಬರಲಿಲ್ಲ. 2017ರಲ್ಲಿ ಒಂದೇ ಉಸಿರಿನ ಮೂರು ತಲಾಕ್ ಅನ್ನು ನ್ಯಾಯಾಲಯ ಅಸಿಂಧುಗೊಳಿಸಿತು. 2019ರಲ್ಲಿ ಸಂಸತ್ತು ಅದನ್ನು ಮೂರು ವರ್ಷಗಳವರೆಗಿನ ಜೈಲುಶಿಕ್ಷೆಯ ಅಪರಾಧವನ್ನಾಗಿ ಮಾಡಿತು. ಪತ್ನಿಯನ್ನು ಹೇಳದೆ ಕೇಳದೆ ತೊರೆದು ಹೋಗುವ ಇತರ ಪುರುಷರಿಗೆ ಇಲ್ಲದ ಜೈಲು ಮುಸ್ಲಿಮನಿಗೆ ಮಾತ್ರವೇಕೆ ಎಂಬ ಪ್ರಶ್ನೆ ನ್ಯಾಯವಾದುದು. ಆದರೆ ಈ ಕಾನೂನಿಗೆ ಅವಕಾಶ ಒದಗಿಸಿಕೊಟ್ಟವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು.

ಜೀವನಾಂಶದ ವಿಷಯದಲ್ಲಿ ನಮ್ಮಲ್ಲಿರುವ ತಪ್ಪು ಕಲ್ಪನೆಗಳು ಕಡಿಮೆಯೇನಲ್ಲ. ಮಹ್ರ್ ಮತ್ತು ಇದ್ದತ್‌ನ ಮೂರು ತಿಂಗಳ ಖರ್ಚು ಕೊಟ್ಟರೆ ಹೊಣೆ ಮುಗಿಯಿತೆಂದು ಭಾವಿಸಿದವರು ಅನೇಕರಿದ್ದಾರೆ. 1986ರ ಕಾಯ್ದೆಯನ್ನು ಎತ್ತಿಹಿಡಿದ ಸುಪ್ರೀಮ್ ಕೋರ್ಟು, ವಿಚ್ಛೇದಿತೆಯ ಮುಂದಿನ ಬದುಕಿಗೂ ಸಾಕಾಗುವ ನ್ಯಾಯೋಚಿತ ವ್ಯವಸ್ಥೆಯನ್ನು ಇದ್ದತ್ ಅವಧಿಯೊಳಗೆ ಮಾಡಬೇಕೆಂದು 2001ರ ಡ್ಯಾನಿಯಲ್ ಲತೀಫಿ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳುವ ಹಕ್ಕು ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ ಇದೆಯೆಂದು 2024ರ ಜುಲೈಯಲ್ಲಿ ಮತ್ತೆ ಹೇಳಿತು. ಈಗ ಆ ಕಲಮಿನ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಇದೆ. ನಮ್ಮದೇ ರಾಜ್ಯದ ಒಂದು ಪ್ರಕರಣದಲ್ಲಿ, 1991ರಲ್ಲಿ 5,000 ರೂಪಾಯಿ ಮಹ್ರ್ ಕೊಟ್ಟು ತಲಾಕ್ ಹೇಳಿದ ವ್ಯಕ್ತಿ ಮಾಜಿ ಪತ್ನಿಗೆ ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂಬ ಆದೇಶವನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಅಷ್ಟು ವರ್ಷ ಆಕೆ ನ್ಯಾಯಾಲಯದ ಬಾಗಿಲಲ್ಲಿ ಕಾಯಬೇಕಾಗಿ ಬಂದದ್ದು ಕೇವಲ ಆಕೆಯ ದುರ್ದೈವವಲ್ಲ, ನಮ್ಮೆಲ್ಲರ ವೈಫಲ್ಯ.

ಇನ್ನು ಮಕ್ಕಳ ವಿಚಾರ. ಪಾಲನೆ ಮತ್ತು ಪೋಷಕತ್ವ ಎರಡೂ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮಗುವನ್ನು ಮಡಿಲಲ್ಲಿಟ್ಟು ಸಾಕುವ ಹಝಾನತ್‌ನ ಹಕ್ಕಿನಲ್ಲಿ ತಾಯಿಗೆ ಆದ್ಯತೆ. ಹನಫಿ ಕರ್ಮಶಾಸ್ತ್ರದಂತೆ ಅದು ಗಂಡುಮಗುವಿಗೆ ಏಳು ವರ್ಷವಾಗುವ ತನಕ, ಹೆಣ್ಣುಮಗು ಪ್ರಾಯಕ್ಕೆ ಬರುವ ತನಕ. ಶಾಫಿಈ ಕರ್ಮಶಾಸ್ತ್ರವು ವಿವೇಚನೆ ಮೂಡಿದ ಮಗುವಿನ ಆಯ್ಕೆಗೆ ಮನ್ನಣೆ ಕೊಡುತ್ತದೆ. ಆದರೆ ಮಗು ಯಾರ ಬಳಿಯಿದ್ದರೂ ಅದರ ಅನ್ನ, ಬಟ್ಟೆ, ಶಿಕ್ಷಣದ ಖರ್ಚು ತಂದೆಯ ಮೇಲೆಯೇ. ಈ ಹೊಣೆ ಎರಡು ವರ್ಷಕ್ಕೆ ಮುಗಿಯುವುದಿಲ್ಲ. ಮಕ್ಕಳು ವಯಸ್ಕರಾಗುವ ತನಕ, ಹೆಣ್ಣುಮಕ್ಕಳಾದರೆ ಮದುವೆಯಾಗುವ ತನಕ ಇದೆಯೆಂದು ಸುಪ್ರೀಮ್ ಕೋರ್ಟು 1997ರಲ್ಲೇ ತೀರ್ಪಿತ್ತಿದೆ. ವಿವಾದವು ನ್ಯಾಯಾಲಯಕ್ಕೆ ಹೋದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಅನ್ವಯವಾಗುತ್ತದೆ. ನ್ಯಾಯಾಧೀಶರು ವೈಯಕ್ತಿಕ ಕಾನೂನನ್ನೂ ಗಮನಿಸುತ್ತಾರೆ, ಬುದ್ಧಿ ಬಲಿತ ಮಗುವಿನ ಇಷ್ಟವನ್ನೂ ಕೇಳುತ್ತಾರೆ. ಆದರೆ ಅಂತಿಮವಾಗಿ ತಕ್ಕಡಿಯನ್ನು ಬಾಗಿಸುವುದು ಮಗುವಿನ ಹಿತವೊಂದೇ. ಮಗು ಆಸ್ತಿಯಲ್ಲ, ಅಮಾನತು.

ಈ ಅಮಾನತನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? 'ಮಗುವನ್ನು ತೋರಿಸದಿದ್ದರೆ ದುಡ್ಡು ಕೊಡುವುದಿಲ್ಲ' ಎಂದು ಆತ. 'ದುಡ್ಡು ಕೊಡದಿದ್ದರೆ ಮಗುವನ್ನು ತೋರಿಸುವುದಿಲ್ಲ' ಎಂದು ಆಕೆ. ಇದು ವ್ಯಾಪಾರವೇ ಹೊರತು ವಾತ್ಸಲ್ಯವಲ್ಲ. ಮಗುವಿನ ಖರ್ಚು ಮಗುವಿನ ಹಕ್ಕು. ತಂದೆ-ತಾಯಿ ಇಬ್ಬರ ಪ್ರೀತಿಯೂ ಮಗುವಿನದೇ ಹಕ್ಕು. ಒಂದನ್ನು ಅಡವಿಟ್ಟು ಇನ್ನೊಂದನ್ನು ಪಡೆಯುವ ಅಧಿಕಾರ ಹಿರಿಯರಿಗಿಲ್ಲ. ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋಗುವುದು, ತಂದೆ ದೂರದ ಗಲ್ಫ್‌ನಿಂದ ಮಾಡುವ ಫೋನನ್ನು ಮಗುವಿನ ಕೈಗೆ ಕೊಡದಿರುವುದು, ಎದುರು ಪಕ್ಷದ ಬಗ್ಗೆ ಮಗುವಿನ ಕಿವಿಯಲ್ಲಿ ವಿಷ ತುಂಬುವುದು - ಇವೆಲ್ಲ ಒಂದೇ ಪಾಪದ ಬೇರೆ ಬೇರೆ ರೂಪಗಳು.

ಜಮಾಅತ್‌ಗಳ ಹೊಣೆ ಇಲ್ಲಿ ಹಿರಿದು. ಫತ್ವಾ ಅಥವಾ ಜಮಾಅತ್‌ನ ತೀರ್ಮಾನಕ್ಕೆ ನ್ಯಾಯಾಲಯದ ಆದೇಶದ ಬಲವಿಲ್ಲವೆಂಬುದು 2014ರ ಸುಪ್ರೀಮ್ ಕೋರ್ಟ್ ತೀರ್ಪಿನಿಂದ ಸ್ಪಷ್ಟವಾಗಿದೆ. ಆದರೆ ಎರಡೂ ಕಡೆಯವರು ಮನಃಪೂರ್ವಕ ಒಪ್ಪಿ ಮಾಡಿಕೊಳ್ಳುವ ಸಂಧಾನಕ್ಕೆ ಯಾವ ಅಡ್ಡಿಯೂ ಇಲ್ಲ. ಮಗು ಎಲ್ಲಿರಬೇಕು, ರಜಾದಿನ ಮತ್ತು ಈದ್ ಹಬ್ಬವನ್ನು ಯಾರೊಂದಿಗೆ ಕಳೆಯಬೇಕು, ಶಾಲೆಯ ಶುಲ್ಕ ಯಾರು ಕಟ್ಟಬೇಕು ಎಂಬುದನ್ನು ಬರೆದಿಟ್ಟು, ಅಗತ್ಯವಿದ್ದರೆ ನ್ಯಾಯಾಲಯದ ಮುಂದಿರಿಸಿ ಆದೇಶವಾಗಿಸಿಕೊಳ್ಳಬೇಕು. ಮಧ್ಯಸ್ಥರ ಸಭೆಯಲ್ಲಿ ಮಹಿಳೆಯ ಮಾತನ್ನು ಆಕೆಯ ಬಾಯಿಂದಲೇ ಕೇಳಬೇಕು. ನಿಕಾಹ್‌ನಾಮಾದ ಪ್ರತಿ ವಧುವಿನ ಕೈಯಲ್ಲೂ ಇರಬೇಕು. ಎರಡು ವರ್ಷ ಜೀವನಾಂಶ ಕೊಡದ, ನಾಲ್ಕು ವರ್ಷ ಪತ್ತೆಯೇ ಇಲ್ಲದ ಪತಿಯಿಂದ ಬಿಡುಗಡೆ ಪಡೆಯಲು 1939ರ ಕಾಯ್ದೆ ದಾರಿ ತೋರಿಸಿದೆಯೆಂದು ಆಕೆಗೆ ತಿಳಿಸಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಳಾಸವನ್ನು ಮಸೀದಿಯ ಫಲಕದಲ್ಲಿ ಬರೆದು ಹಾಕಲು ಖರ್ಚೇನೂ ಇಲ್ಲ.

ಉಮರ್(ರ) ತಮ್ಮ ವಿಚ್ಛೇದಿತ ಪತ್ನಿಯಲ್ಲಿ ಜನಿಸಿದ ಮಗ ಆಸಿಮ್‌ನನ್ನು ಕುಬಾ ಮಸೀದಿಯ ಅಂಗಳದಲ್ಲಿ ಆಡುತ್ತಿರುವಾಗ ಕಂಡರು; ಎತ್ತಿ ತಮ್ಮ ವಾಹನದ ಮೇಲೆ ಕೂರಿಸಿಕೊಂಡರು. ಮಗುವಿನ ಅಜ್ಜಿ ತಡೆದರು. ವಿವಾದ ಖಲೀಫಾ ಅಬೂಬಕರ್(ರ)ರ ಮುಂದೆ ಬಂತು. ಮಗುವನ್ನು ಅಜ್ಜಿಯ ಕಡೆಗೇ ಬಿಟ್ಟುಕೊಡುವಂತೆ ಅವರು ತೀರ್ಪಿತ್ತರು. ಮುಂದೆ ಖಲೀಫರಾಗಲಿದ್ದ, ನ್ಯಾಯಕ್ಕೆ ಇನ್ನೊಂದು ಹೆಸರೆನಿಸಿದ ಉಮರ್(ರ) ಮರುಮಾತಾಡಲಿಲ್ಲ. ತನ್ನ ವಿರುದ್ಧ ಬಂದ ನ್ಯಾಯಕ್ಕೆ ತಲೆಬಾಗಿದ ಆ ಮೌನವನ್ನು ನಮ್ಮ ತಂದೆಯರೂ ತಾಯಂದಿರೂ ಹಿರಿಯರೂ ಕಲಿಯಬೇಕಾಗಿದೆ. ಪತಿ-ಪತ್ನಿಯರ ಸಂಬಂಧ ಕಡಿಯಬಹುದು. ತಂದೆ-ತಾಯಿಯರೊಂದಿಗೆ ಮಗುವಿಗಿರುವ ಸಂಬಂಧಕ್ಕೆ ತಲಾಕ್ ಹೇಳುವ ಅಧಿಕಾರವನ್ನು ಯಾವ ಶರೀಅತ್ತೂ ಯಾವ ಕಾನೂನೂ ನಮಗೆ ಕೊಟ್ಟಿಲ್ಲ.