ಕೋರ್ ಎಣಿಸದೆ ಸರ್ವರ್ ಕೊಳ್ಳಬೇಡಿ

ಬೀದರ್, ಭಾಲ್ಕಿ, ಔರಾದ್ ತಾಲ್ಲೂಕು ಕಚೇರಿಗಳಿಗೆ ಬಲವಾದ ಸರ್ವರ್ ಕೊಟ್ಟರೆ ಸಾಕು, ಡೇಟಾಬೇಸ್ ಲೈಸೆನ್ಸ್ ಹೇಗೂ ಇದೆ ಎಂಬ ಪ್ರಕಟಿತ ಅಭಿಪ್ರಾಯ ತಪ್ಪು ಲೆಕ್ಕದ ಮೇಲೆ ನಿಂತಿದೆ. ತಾಲ್ಲೂಕು ಕಚೇರಿಗಳ ಪಹಣಿಯನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆ ಶುರುವಾದದ್ದು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಮೇಲೆ. ಆ ಕಾಲದ ಲೈಸೆನ್ಸ್ ನಿಯಮ ಈಗಿಲ್ಲ. 2012ರ ಆವೃತ್ತಿಯಿಂದ ಪ್ರೊಸೆಸರ್ ಬದಲು ಕೋರ್ ಎಣಿಸುವ ಪದ್ಧತಿ ಬಂತು. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 4 ಕೋರ್ ಲೈಸೆನ್ಸ್ ಕಡ್ಡಾಯ. 16 ಕೋರ್‌ಗಳ ಎರಡು ಪ್ರೊಸೆಸರ್ ಇರುವ ಯಂತ್ರಕ್ಕೆ ಹಿಂದೆ 2 ಲೈಸೆನ್ಸ್ ಸಾಕಿತ್ತು, ಈಗ 32 ಕೋರ್‌ಗೂ ದುಡ್ಡು ಕಟ್ಟಬೇಕು. ಯಂತ್ರಕ್ಕಿಂತ ಲೈಸೆನ್ಸೇ ದುಬಾರಿಯಾಗುವುದು ಇಲ್ಲೇ.

ಹಳೆಯ ಆವೃತ್ತಿಯನ್ನೇ ಹಾಕಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಹೊಸ ಲೈಸೆನ್ಸ್ ಕೊಂಡು ಹಳೆಯದನ್ನು ಓಡಿಸಲು ಅನುಮತಿಯೇನೋ ಇದೆ, ಆದರೆ ಎಣಿಕೆ ಕೊಂಡ ಲೈಸೆನ್ಸಿನದೇ. ಜೊತೆಗೆ 2012ರ ಆವೃತ್ತಿಗೆ ಸಾಮಾನ್ಯ ಭದ್ರತಾ ನೆರವು 2022ರ ಜುಲೈನಲ್ಲೇ ಮುಗಿದಿದೆ. ರೈತರ ಭೂದಾಖಲೆಯನ್ನು ಅಂಥ ತಂತ್ರಾಂಶದ ಮೇಲೆ ಇಡುವುದು ಅಕ್ಷಮ್ಯ. ಇನ್ನೊಂದು ದಾರಿ ಮುಕ್ತ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್; ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ, ನಿಜ. ಹಳೆಯ ಡೇಟಾಬೇಸ್‌ನೊಳಗೆ ಬರೆದಿಟ್ಟ ಪ್ರೊಸೀಜರ್‌ಗಳನ್ನು ತಿದ್ದಿ ಬರೆಯುವ ಖರ್ಚಂತೂ ಇದ್ದೇ ಇದೆ, ಆದರೆ ಅದು ಒಮ್ಮೆಯದು. ಟೆಂಡರ್ ಕರೆಯುವ ಮೊದಲು ಕೋರ್ ಸಂಖ್ಯೆ, ಆವೃತ್ತಿ, ಲೈಸೆನ್ಸ್ ಬೆಲೆ ಮೂರೂ ಒಂದೇ ಹಾಳೆಯಲ್ಲಿ ಇರಲಿ.