ಎಡಿಟರಿನಲ್ಲಿ ಓಡಿದರೆ ಸಾಲದು

1967ರಲ್ಲಿ ಸ್ಥಾಪನೆಯಾದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಗೋವಾದ ಫರ್ಮಾಗುಡಿಯಲ್ಲಿದೆ. 2010ರಲ್ಲಿ ರಾಜ್ಯಕ್ಕೆ ಎನ್‌ಐಟಿ, 2016ರಲ್ಲಿ ಐಐಟಿ ಬಂದವು. ವಾಸ್ಕೊ, ಮಡಗಾಂವ್‌ಗಳ ಕನ್ನಡ ಮನೆಗಳಲ್ಲೂ ಮಕ್ಕಳು ಇಂಜಿನಿಯರಾಗಲಿ ಎಂಬ ಆಸೆಯಿದೆ. ಆದರೆ ಇಲ್ಲಾಗಲಿ ಕರ್ನಾಟಕದಲ್ಲಾಗಲಿ, ಜಾವಾ ಲ್ಯಾಬ್ ಎಂದರೆ ಸಾಮಾನ್ಯವಾಗಿ ಒಂದೆರಡು ಕಡತಗಳ ಸಣ್ಣ ಪ್ರೋಗ್ರಾಂ. ಕೆಲಸಕ್ಕೆ ಸೇರಿದ ದಿನ ಎದುರಾಗುವುದು ಹತ್ತಾರು ಮಾಡ್ಯೂಲ್‌ಗಳ ಪ್ರಾಜೆಕ್ಟ್. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾಗಿ ಫಿಲಿಪ್ಪೀನ್ಸ್‌ನ ಗುರುತಿನ ಚೀಟಿ ವ್ಯವಸ್ಥೆಗೆ ಆಧಾರವಾದ ಮೋಸಿಪ್ ತಂತ್ರಾಂಶವನ್ನೇ ನೋಡಿ: ಅದರ ಜಾವಾ ಕೋಡ್ ಎಲ್ಲರಿಗೂ ಮುಕ್ತ, ಕಟ್ಟುವುದು ಮೇವನ್ ಎಂಬ ಬಿಲ್ಡ್ ಸಾಧನದಿಂದ. ಅದನ್ನು ತನ್ನ ಕಂಪ್ಯೂಟರಿನಲ್ಲಿ ಎಬ್ಬಿಸಲು ಬಾರದ ವಿದ್ಯಾರ್ಥಿಗೆ ಆ ಮುಕ್ತತೆಯಿಂದ ಏನು ಪ್ರಯೋಜನ? ಬಹುಮಾಡ್ಯೂಲ್ ಪ್ರಾಜೆಕ್ಟ್ ಹೂಡುವುದನ್ನು ಪಠ್ಯದ ಭಾಗವಾಗಿಯೇ ಕಲಿಸಬೇಕು.

ಪಣಜಿ–ಕಾರವಾರ ಬಸ್ಸಿನ ಟಿಕೆಟ್ ತಂತ್ರಾಂಶ ಬರೆಯುತ್ತಿದ್ದೇವೆ ಎಂದುಕೊಳ್ಳಿ. ದರ ಲೆಕ್ಕ ಒಂದು ಮಾಡ್ಯೂಲ್, ಸೀಟು ಕಾಯ್ದಿರಿಸುವುದು ಇನ್ನೊಂದು, ವೆಬ್ ಪುಟ ಮೂರನೆಯದು. ಎಲ್ಲಕ್ಕೂ ಮೇಲೆ ಒಂದು ಪೇರೆಂಟ್ ಪಾಮ್, ಅಂದರೆ ಮೇವನ್ ಓದುವ ಬಿಲ್ಡ್ ಕಡತ. ಮೂರರ ಹೆಸರೂ ಅದರಲ್ಲಿರುತ್ತದೆ, ಲೈಬ್ರರಿಗಳ ಆವೃತ್ತಿಯೂ ಅಲ್ಲೇ ನಿರ್ಧಾರ. ಯಾವುದು ಯಾವುದನ್ನು ನೆಚ್ಚಿದೆ ಎಂದು ಬರೆದಿಟ್ಟರೆ ಸಾಕು, ಕಟ್ಟುವ ಕ್ರಮವನ್ನು ಮೇವನ್ ತಾನೇ ಹುಡುಕಿಕೊಳ್ಳುತ್ತದೆ. ದರ ಸೀಟನ್ನು, ಸೀಟು ದರವನ್ನು ನೆಚ್ಚಿ ಸುತ್ತು ಬಿದ್ದರೆ ಕಟ್ಟಲು ಒಪ್ಪುವುದಿಲ್ಲ. ಹೀಗೆ ವಿನ್ಯಾಸದ ತಪ್ಪು ಮೊದಲ ದಿನವೇ ಬಯಲಾಗುತ್ತದೆ.

ಎಕ್ಲಿಪ್ಸ್, ಇಂಟೆಲಿಜೆಯಂಥ ಎಡಿಟರ್‌ಗಳು ಒಂದು ಕ್ಲಿಕ್‌ನಲ್ಲಿ ಇದನ್ನೆಲ್ಲ ಮಾಡುತ್ತವಲ್ಲ ಎನ್ನಬಹುದು. ತೊಡಕು ಶುರುವಾಗುವುದೇ ಅಲ್ಲಿ. ವೆಬ್ ಮಾಡ್ಯೂಲಿಗೆ ದರದ ಮಾಡ್ಯೂಲನ್ನು ಎಡಿಟರಿನ ಸೆಟ್ಟಿಂಗ್‌ನಲ್ಲಷ್ಟೇ ಜೋಡಿಸಿ ಪಾಮ್‌ನಲ್ಲಿ ಬರೆಯದೆ ಬಿಟ್ಟರೆ, ನಮ್ಮ ಯಂತ್ರದಲ್ಲಿ ಓಡಿದ್ದು ಗೆಳೆಯನ ಯಂತ್ರದಲ್ಲಿ ನಿಲ್ಲುತ್ತದೆ. ಎಡಿಟರ್ ಬರೆಯುವವರ ಅನುಕೂಲಕ್ಕೆ. ಪ್ರಾಜೆಕ್ಟಿನ ಸತ್ಯ ಬಿಲ್ಡ್ ಕಡತದಲ್ಲಿರಬೇಕು. ಕಂಪನಿಗಳು ಹೇಗೂ ತರಬೇತಿ ಕೊಡುತ್ತವೆ ಎಂಬ ಮಾತೂ ಇದೆ. ಆದರೆ ಕಂಪನಿ ಕಲಿಸುವುದು ತನ್ನ ಪದ್ಧತಿಯನ್ನು, ಅದೂ ಆಯ್ಕೆಯಾದವರಿಗೆ ಮಾತ್ರ. ಪಠ್ಯದಲ್ಲಿ ಜಾಗವಿಲ್ಲ ಎಂಬ ಅಧ್ಯಾಪಕರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಇದನ್ನು ಕಲಿಸಲು ಹೊಸ ವಿಷಯ ಬೇಕಿಲ್ಲ. ಈಗಿರುವ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ನಿಯಮ ಸೇರಿಸಿದರೆ ಸಾಕು: ಬೇರೊಬ್ಬ ವಿದ್ಯಾರ್ಥಿ ಕೋಡನ್ನು ಇಳಿಸಿಕೊಂಡು, ಎಡಿಟರ್ ತೆರೆಯದೆ, ಒಂದೇ ಆದೇಶದಲ್ಲಿ ಕಟ್ಟಿ ತೋರಿಸಬೇಕು. ಅದು ಆದಾಗಲೇ ಅಂಕ.